ದೊಡ್ಡ ವಿದ್ಯುತ್ ಕಾರು ನಮ್ಮ ಮನೆಗೆ ಒಪ್ಪುವುದೆ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದಿನ ಗೃಹಸ್ಥರು ಇದಕ್ಕೆ "ಕಾರು ಕೊಂಡು ನೋಡು" ಎಂಬ ಮೂರನೆಯ ಮಾತನ್ನೂ ಸೇರಿಸಿಕೊಳ್ಳಬಹುದು. ಮನೆ ಮತ್ತು ಮದುವೆಗಳ ನಂತರ ಕುಟುಂಬದ ಗಂಟು ಹೆಚ್ಚಾಗಿ ಕರಗುವುದು ವಾಹನಕ್ಕೇ ಆಗಿದೆ. ಹೀಗಿರುವಲ್ಲಿ, ಹೊಸತನದ ಮೋಹಕ್ಕಾಗಲಿ ನೆರೆಯವರ ಮೆಚ್ಚುಗೆಗಾಗಲಿ ಒಳಗಾಗದೆ, ದೊಡ್ಡ ವಿದ್ಯುತ್ ಕಾರು ಯಾರಿಗೆ ಉಪಯುಕ್ತ, ಯಾರಿಗೆ ಹೊರೆ ಎಂಬುದನ್ನು ಸಮಾಧಾನಚಿತ್ತದಿಂದ ವಿಚಾರ ಮಾಡುವುದು ಅವಶ್ಯವಾಗಿದೆ.

ವಿದ್ಯುತ್ ಕಾರು ಕನ್ನಡಿಗರಿಗೆ ಹೊಸದಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ 'ರೇವಾ' ಕಾರು ರಸ್ತೆಗಿಳಿಯಿತು. ಇಬ್ಬರು ದೊಡ್ಡವರಿಗೂ ಇಬ್ಬರು ಮಕ್ಕಳಿಗೂ ಸ್ಥಳವಿದ್ದ ಆ ಪುಟ್ಟ ವಾಹನ ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. 2017ರಲ್ಲಿ ಕರ್ನಾಟಕವು ದೇಶದಲ್ಲಿಯೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. 2024ರ ಮಾರ್ಚಿಯಲ್ಲಿ ಚೀನಾದ ಬಿವೈಡಿ ಕಂಪನಿಯು 'ಸೀಲ್' ಎಂಬ ಸೆಡಾನ್ ಕಾರನ್ನು ಭಾರತದ ಮಾರುಕಟ್ಟೆಗೆ ತಂದಿತು. ಆಗ ಅದರ ಷೋರೂಂ ಬೆಲೆ 41 ಲಕ್ಷದಿಂದ 53 ಲಕ್ಷ ರೂಪಾಯಿಗಳವರೆಗೆ ಇತ್ತು. ಈ ಬಗೆಯ ಕಾರುಗಳ ಗುಣಾವಗುಣಗಳನ್ನು ತಿಳಿಯಲು ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹುಬ್ಬಳ್ಳಿಯಲ್ಲಿ ಒಂದು ಕುಟುಂಬವಿದೆಯೆಂದು ಭಾವಿಸಿರಿ. ನಿವೃತ್ತರಾದ ತಂದೆ, ಮೊಣಕಾಲು ನೋವಿನ ತಾಯಿ, ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು, ಹೀಗೆ ಒಟ್ಟು ಆರು ಜನ. ಮಗನಿಗೆ ದೊಡ್ಡ ವಿದ್ಯುತ್ ಕಾರು ಕೊಳ್ಳುವ ಹಂಬಲ. ತನ್ನ ಉಳಿತಾಯ ಸಾಲದೆ, ತಂದೆಯ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಕೇಳುತ್ತಿದ್ದಾನೆ. ತಂದೆಯವರಿಗೆ ಇಲ್ಲವೆನ್ನಲು ಮನಸ್ಸಿಲ್ಲ, ಕೊಡಲು ಧೈರ್ಯವೂ ಇಲ್ಲ. ಇಂತಹ ಮನೆಯವರು ಯಾವ ಕ್ರಮದಲ್ಲಿ ಯೋಚಿಸಬೇಕು?

ಮೊದಲನೆಯದು ಜನರ ಲೆಕ್ಕ. ಕಾರು 4.8 ಮೀಟರ್ ಉದ್ದವಿದ್ದರೂ ಆಸನಗಳು ಐದೇ. ಆರು ಜನರ ಕುಟುಂಬವು ಮದುವೆ, ಜಾತ್ರೆಗಳಿಗೆ ಹೊರಟಾಗ ಒಬ್ಬರು ಬಸ್ಸಿಗೆ ಹೋಗಬೇಕು. ಉದ್ದ ಹೆಚ್ಚಾದ ಮಾತ್ರಕ್ಕೆ ಸ್ಥಳ ಹೆಚ್ಚಾಗುವುದಿಲ್ಲ. ಮುಖ್ಯವಾದ ಇನ್ನೊಂದು ಸಂಗತಿಯಿದೆ. ಇಂತಹ ಕಾರುಗಳಲ್ಲಿ ಬ್ಯಾಟರಿಯನ್ನು ನೆಲದಡಿಯಲ್ಲಿ ಹಾಸಿರುತ್ತಾರೆ. ಒಳನೆಲವು ಮೇಲೇರುವುದರಿಂದ ಹಿಂದಿನ ಆಸನದಲ್ಲಿ ಕುಳಿತವರ ಮೊಣಕಾಲುಗಳೂ ಮೇಲೇರಿ, ತೊಡೆಗೆ ಆಸರೆ ಕಡಿಮೆಯಾಗುತ್ತದೆ. ಸೆಡಾನಿನ ಛಾವಣಿಯಂತೂ ತಗ್ಗು. ಮೊಣಕಾಲು ನೋವಿರುವ ತಾಯಿ ಬಗ್ಗಿ ಕುಳಿತು, ಮತ್ತೆ ಎದ್ದು ಇಳಿಯಬಲ್ಲರೆ? ಷೋರೂಮಿಗೆ ಮಗನೊಬ್ಬನೇ ಹೋಗದೆ ತಾಯಿಯನ್ನು ಕರೆದೊಯ್ದು, ಅರ್ಧ ಗಂಟೆ ಹಿಂದಿನ ಆಸನದಲ್ಲಿ ಕುಳ್ಳಿರಿಸಿ ನೋಡುವುದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ.

ಎರಡನೆಯದು ದಾರಿಯ ಲೆಕ್ಕ. ಸೀಲ್ ಕಾರಿನ ಚಿಕ್ಕ ಬ್ಯಾಟರಿಯು 61.44 ಯೂನಿಟ್, ದೊಡ್ಡದು 82.56 ಯೂನಿಟ್ ವಿದ್ಯುತ್ತನ್ನು ಹಿಡಿಯುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಕ್ರಮವಾಗಿ 510 ಮತ್ತು 650 ಕಿ.ಮೀ. ಓಡುವುದೆಂದು ಕಂಪನಿ ಹೇಳುತ್ತದೆ. ಇವು ಪ್ರಯೋಗಾಲಯದ ಅಂಕಿಗಳು. ನಿಜವಾದ ರಸ್ತೆಯಲ್ಲಿ ಯೂನಿಟ್ಟಿಗೆ 6 ಕಿ.ಮೀ. ಎಂದು ಹಿಡಿಯುವುದು ಕ್ಷೇಮ. ಆಗ ಚಿಕ್ಕದಕ್ಕೆ ಸುಮಾರು 370, ದೊಡ್ಡದಕ್ಕೆ ಸುಮಾರು 495 ಕಿ.ಮೀ. ದೊರೆಯುತ್ತದೆ. ಇದರಲ್ಲಿಯೂ ಐದನೆಯ ಒಂದು ಪಾಲನ್ನು ಆಪತ್ತಿಗೆಂದು ಉಳಿಸಿಕೊಳ್ಳಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿ.ಮೀ. ಇರುವುದರಿಂದ, ಯಾವ ಬ್ಯಾಟರಿಯಾದರೂ ಚಿತ್ರದುರ್ಗದ ಆಸುಪಾಸಿನಲ್ಲಿ ಒಮ್ಮೆ ನಿಲ್ಲಿಸುವುದು ಲೇಸು. 60 ಕಿಲೋವ್ಯಾಟಿನ ಯಂತ್ರವಿದ್ದಲ್ಲಿ ದೊಡ್ಡ ಬ್ಯಾಟರಿಯನ್ನು ಶೇ. 10ರಿಂದ 80ಕ್ಕೆ ಏರಿಸಲು ಸುಮಾರು ಒಂದು ಗಂಟೆ ಬೇಕು; 30 ಕಿಲೋವ್ಯಾಟಿನದಾದರೆ ಎರಡು ಗಂಟೆ. ಊಟದ ಹೊತ್ತಿಗೆ ಇದನ್ನು ಹೊಂದಿಸಿಕೊಳ್ಳಬಲ್ಲವರಿಗೆ ತೊಂದರೆಯಿಲ್ಲ. ಕೆಲವು ವಿದ್ಯುತ್ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಹಳ್ಳಿಯ ಹೊಲಮನೆಗೆ ಆಗಾಗ ಹೋಗುವವರು ಇದನ್ನು ವಿಚಾರಿಸಬೇಕು. ದಾರಿಯ ಹಂಪುಗಳಿಗೆ ಕಾರಿನ ಹೊಟ್ಟೆ ತಗಲುವುದೆ ಎಂಬುದನ್ನೂ ಓಡಿಸಿಯೇ ಪರೀಕ್ಷಿಸಬೇಕು.

ಮೂರನೆಯದು ಮನೆಯ ಕರೆಂಟಿನ ಲೆಕ್ಕ. ಸಾಮಾನ್ಯ 15 ಆಂಪಿಯರ್ ಪ್ಲಗ್ ಪಾಯಿಂಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ಮಾತ್ರ ಸಿಗುತ್ತದೆ. ಬರಿದಾದ ದೊಡ್ಡ ಬ್ಯಾಟರಿ ತುಂಬಲು ಒಂದು ಹಗಲು, ಒಂದು ರಾತ್ರಿಗಿಂತಲೂ ಹೆಚ್ಚು ಬೇಕು. ಆದರೆ ಇದರಿಂದ ಗಾಬರಿಯಾಗಬೇಕಾದುದಿಲ್ಲ. ದಿನಕ್ಕೆ 40 ಕಿ.ಮೀ. ಓಡಾಡುವವರಿಗೆ ಬೇಕಾದುದು 7 ಯೂನಿಟ್. ಅದು ಎರಡೂವರೆ ಗಂಟೆಯಲ್ಲಿ ತುಂಬುತ್ತದೆ. 7 ಕಿಲೋವ್ಯಾಟಿನ ಚಾರ್ಜರನ್ನು ಗೋಡೆಗೆ ಹಾಕಿಸುವುದಾದರೆ, ಮನೆಗೆ ಮಂಜೂರಾದ ಲೋಡ್ ಎಷ್ಟೆಂಬುದನ್ನು ಕರೆಂಟ್ ಬಿಲ್ಲಿನಲ್ಲಿ ನೋಡಿ, ಅಗತ್ಯವಿದ್ದರೆ ಹೆಸ್ಕಾಂನಲ್ಲಿ ಹೆಚ್ಚಿಸಿಕೊಳ್ಳಬೇಕು. ಕಾರನ್ನು ಬೀದಿಯಲ್ಲಿ ನಿಲ್ಲಿಸುವವರಿಗೂ, ಚಾರ್ಜರ್ ಹಾಕಲು ಅನುಮತಿ ದೊರೆಯದ ಅಪಾರ್ಟ್‌ಮೆಂಟಿನವರಿಗೂ ವಿದ್ಯುತ್ ಕಾರು ನಿತ್ಯದ ಚಿಂತೆಯಾದೀತು.

ಕೊನೆಯದು ಹಣದ ಲೆಕ್ಕ. "ಪೆಟ್ರೋಲಿನ ಖರ್ಚು ಉಳಿಯುತ್ತದೆ" ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಎಷ್ಟು ಉಳಿಯುತ್ತದೆ ಎಂದು ನೋಡೋಣ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ 2,500 ಯೂನಿಟ್ ಬೇಕು. ಯೂನಿಟ್ಟಿಗೆ 7 ರೂಪಾಯಿ ಎಂದರೆ 17,500 ರೂಪಾಯಿ. ಲೀಟರಿಗೆ 12 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 1,250 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಎಂದರೆ 1,25,000 ರೂಪಾಯಿ. ಉಳಿತಾಯ 1,07,500 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಆದರೆ 41 ಲಕ್ಷದ ಕಾರಿಗೆ ತೆರಿಗೆಯೂ ಇದೆ. 2024ರಲ್ಲಿ ನಮ್ಮ ರಾಜ್ಯವು 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ವಿದ್ಯುತ್ ಕಾರುಗಳಿಗೆ ಶೇ. 10ರಷ್ಟು ಆಜೀವ ತೆರಿಗೆಯನ್ನು ವಿಧಿಸಿತು. ಆ ದರದಂತೆ ಒಟ್ಟು 45 ಲಕ್ಷ ದಾಟುತ್ತದೆ; ವಿಮೆ ಬೇರೆ. 20 ಲಕ್ಷದ ಪೆಟ್ರೋಲ್ ಕಾರು ಸಾಕಾಗುವ ಮನೆಯವರು ಇದನ್ನು ಕೊಂಡರೆ, ಹೆಚ್ಚುವರಿಯಾಗಿ ತೆತ್ತ 25 ಲಕ್ಷ ಮರಳಿ ಬರಲು ಇಪ್ಪತ್ತಮೂರು ವರ್ಷಗಳು ಬೇಕು. ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ವಾರಂಟಿ ಎಂಟು ವರ್ಷ!

ಹಾಗಾದರೆ ಇದು ಯಾರಿಗೂ ಬೇಡವೆ? ಹಾಗಲ್ಲ. ಹೇಗಿದ್ದರೂ ಅಷ್ಟೇ ಬೆಲೆಯ ಪೆಟ್ರೋಲ್ ಕಾರನ್ನು ಕೊಳ್ಳಲಿದ್ದವರಿಗೆ ಉಳಿತಾಯವು ಮೊದಲ ದಿನದಿಂದಲೇ ಆರಂಭವಾಗುತ್ತದೆ. ಮನೆಯಲ್ಲಿ ನಾಲ್ಕೇ ಜನ, ಸ್ವಂತ ಕಾಂಪೌಂಡು, ದಿನವೂ ದೀರ್ಘ ಓಡಾಟ ಇರುವವರಿಗೆ ಇದು ಹೊಗೆಯಿಲ್ಲದ, ಸದ್ದಿಲ್ಲದ ಉತ್ತಮ ವಾಹನ. ಈ ಕಾರಿನ ಅತಿ ದುಬಾರಿ ಮಾದರಿಯು 3.8 ಸೆಕೆಂಡಿನಲ್ಲಿ 100 ಕಿ.ಮೀ. ವೇಗವನ್ನು ಮುಟ್ಟುತ್ತದೆ. ಆದರೆ ತಾಯಿಯನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಸಂಸಾರಿಗೆ ಆ ವೇಗದಿಂದ ಆಗಬೇಕಾದುದೇನು?

ನಾವು ಭಾವಿಸಿದ ಹುಬ್ಬಳ್ಳಿಯ ಮನೆಗೆ ಉತ್ತರ ಸ್ಪಷ್ಟ. ಆರು ಜನರಿಗೆ ಐದು ಆಸನ ಸಾಲದು. ತಾಯಿಯ ಮೊಣಕಾಲಿಗೆ ತಗ್ಗಿನ ಕಾರು ಹಿತವಲ್ಲ. ತಂದೆಯ ವೃದ್ಧಾಪ್ಯದ ಆಸರೆಯನ್ನು ಇಪ್ಪತ್ತಮೂರು ವರ್ಷಗಳ ಲೆಕ್ಕಕ್ಕೆ ಒಡ್ಡುವುದು ನ್ಯಾಯವಲ್ಲ. ಮಗನಿಗೆ ವಿದ್ಯುತ್ತೇ ಬೇಕಾದರೆ, ಊರೊಳಗಿನ ಓಡಾಟಕ್ಕೆ ತನ್ನ ಸಂಬಳಕ್ಕೆ ಎಟಕುವ ಚಿಕ್ಕ ವಿದ್ಯುತ್ ಕಾರನ್ನು ಕೊಳ್ಳಲಿ. ವರ್ಷಕ್ಕೆ ನಾಲ್ಕಾರು ಬಾರಿ ಎಲ್ಲರೂ ಕೂಡಿ ಹೊರಡುವಾಗ ಏಳು ಆಸನದ ಬಾಡಿಗೆ ವಾಹನವನ್ನು ಕರೆಸಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಳೆಯ ಮಾತು. ಕೊಳ್ಳುವ ಮುನ್ನ ಮನೆಯವರೆಲ್ಲರೂ ಒಂದು ಸಂಜೆ ಕೂಡಿ ಕುಳಿತು, ಈ ನಾಲ್ಕು ಲೆಕ್ಕಗಳನ್ನು ತಮ್ಮ ತಮ್ಮ ಅಂಕಿಗಳಿಂದ ಕಾಗದದ ಮೇಲೆ ಬರೆದು ನೋಡಲಿ. ಹಿರಿಯರ ಮಾತನ್ನೂ ಆಗಲೇ ಕೇಳಲಿ. ಹಾಗೆ ಒಪ್ಪಿ ತಂದ ಕಾರು ಚಿಕ್ಕದಾದರೂ ಮನೆಯ ನೆಮ್ಮದಿಯನ್ನು ಕೆಡಿಸುವುದಿಲ್ಲ.