ಎಳೆದರೆ ಬೆಳೆಯುವ ನರ

ನೀಲಿ ತಿಮಿಂಗಿಲದ ಮರಿ ಹುಟ್ಟುವಾಗಲೇ ಸುಮಾರು 7 ಮೀಟರ್ ಉದ್ದವಿರುತ್ತದೆ. ಏಳು ತಿಂಗಳ ನಂತರ ತಾಯಿಹಾಲು ಬಿಡುವಷ್ಟರಲ್ಲಿ 16 ಮೀಟರ್ ಮುಟ್ಟುತ್ತದೆ. ಅಂದರೆ ದಿನಕ್ಕೆ ಸುಮಾರು 4 ಸೆಂಟಿಮೀಟರ್! ಮೂಳೆ, ಚರ್ಮಗಳಲ್ಲಾದರೆ ಹೊಸ ಕೋಶಗಳು ಹುಟ್ಟಿ ಸೇರಿಕೊಳ್ಳುತ್ತವೆ. ಆದರೆ ಬೆನ್ನುಹುರಿಯೊಳಗಿನ ಒಂದೊಂದು ನರತಂತುವೂ ಒಂದೇ ಕೋಶದ ಚಾಚು. ಅದು ಈ ವೇಗಕ್ಕೆ ಸರಿಸಾಟಿಯಾಗಿ ಉದ್ದವಾಗುವುದು ಹೇಗೆ?

ಭ್ರೂಣದಲ್ಲಿ ನರತಂತು ಬೆಳೆಯುವುದು ತುದಿಯಿಂದ. ಆ ತುದಿ ಸುತ್ತಲಿನ ರಾಸಾಯನಿಕ ಸುಳಿವುಗಳನ್ನು ಗ್ರಹಿಸುತ್ತ, ಅಂಗಾಂಶ ಮೆದುವೋ ಗಟ್ಟಿಯೋ ಎಂದು ತಡಕುತ್ತ, ದಿನಕ್ಕೆ ಒಂದು ಮಿಲಿಮೀಟರ್ ಆಸುಪಾಸು ಸಾಗುತ್ತದೆ. ಗುರಿ ಸಿಕ್ಕಿ ಅಲ್ಲಿ ಬೆಸೆದುಕೊಂಡರೆ ತುದಿಯ ಕೆಲಸ ಮುಗಿಯಿತು. ದೇಹ ಬೆಳೆಯುವುದು ಮಾತ್ರ ಇನ್ನೂ ಬಾಕಿ. ಅಲ್ಲಿಂದ ಮುಂದೆ ಬೆಳೆಯುವ ದೇಹವೇ ಎರಡೂ ತುದಿ ಹಿಡಿದು ನರವನ್ನು ಎಳೆಯುತ್ತದೆ. ಆ ಎಳೆತವೇ ಬೆಳೆಯಲು ಕೊಟ್ಟ ಸೂಚನೆ.

1984ರಲ್ಲಿ ಜೀವವಿಜ್ಞಾನಿ ಡೆನಿಸ್ ಬ್ರೇ ಕೋಳಿಭ್ರೂಣದ ನರಕೋಶವೊಂದರ ತಂತುವನ್ನು ಗಾಜಿನ ಸೂಜಿಗೆ ಅಂಟಿಸಿ ಮೆಲ್ಲಗೆ ಎಳೆದರು. ತಂತು ಕಡಿಯದೆ ಉದ್ದವಾಗುತ್ತ ಹೋಯಿತು. 2004ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಗ್ಲಸ್ ಸ್ಮಿತ್ ತಂಡ ಇದನ್ನು ಮೋಟಾರಿಗೆ ವಹಿಸಿತು. ಇಲಿಯ ನರಕೋಶಗಳ ಎರಡು ಗುಂಪುಗಳ ನಡುವೆ ತಂತುಗಳು ಬೆಸೆದ ಮೇಲೆ, ಮೋಟಾರು ಒಂದು ಗುಂಪನ್ನು ಕೂದಲೆಳೆಯಷ್ಟೂ ಇಲ್ಲದ ಹೆಜ್ಜೆಗಳಲ್ಲಿ ದೂರ ಸರಿಸುತ್ತಿತ್ತು. ವೇಗವನ್ನು ಹಂತಹಂತವಾಗಿ ಏರಿಸಿದಾಗ ತಂತುಗಳು ದಿನಕ್ಕೆ 8 ಮಿಲಿಮೀಟರಿನಂತೆ ಬೆಳೆದು 10 ಸೆಂಟಿಮೀಟರ್ ಮುಟ್ಟಿದವು. ರಬ್ಬರ್ ಬ್ಯಾಂಡಾಗಿದ್ದರೆ ತೆಳ್ಳಗಾಗಬೇಕಿತ್ತು, ಇವು ಶೇ. 35ರಷ್ಟು ದಪ್ಪಗಾಗಿದ್ದವು! ಹಿಗ್ಗಿದ್ದಲ್ಲ, ಒಳಗೆ ಹೊಸ ಸರಕು ತುಂಬಿಕೊಂಡು ನಿಜಕ್ಕೂ ಬೆಳೆದದ್ದು.

ಹಠಾತ್ ಜಗ್ಗಾಟಕ್ಕೆ ಬೇರೆಯೇ ಏರ್ಪಾಡಿದೆ. ತಂತುವಿನ ಒಳಮೈಯಲ್ಲಿ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಜಾಲವಿದೆ. ಎಳೆದಾಗ ಅದರ ಮಡಿಕೆಗಳು ಬಿಚ್ಚಿಕೊಂಡು ಬಿಗಿತವನ್ನು ಹೀರಿಕೊಳ್ಳುತ್ತವೆ ಎಂಬುದನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪ್ರಮೋದ್ ಪುಳ್ಳರ್ಕಟ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು.

ಗಿಡ್ಡವಾದ ಕಾಲನ್ನು ಉದ್ದ ಮಾಡುವ ಮೂಳೆವೈದ್ಯರಿಗೆ ನರವನ್ನು ಮೆಲ್ಲಗೆ ಎಳೆದು ಬೆಳೆಸುವುದು ದಿನನಿತ್ಯದ ವ್ಯವಹಾರ. ಕತ್ತರಿಸಿದ ಮೂಳೆಯ ತುಂಡುಗಳನ್ನು ಮೆಲ್ಲಗೆ ದೂರ ಸರಿಸಲು ಕಾಲಿನ ಸುತ್ತ ತೊಡಿಸುವ ಇಲಿಜಾರೋವ್ ಚೌಕಟ್ಟಿನ ತಿರುಪನ್ನು ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಮಿಲಿಮೀಟರಿನಂತೆ ತಿರುಗಿಸುತ್ತಾರೆ. ಮೂಳೆಯ ಜೊತೆಗೆ ನರವೂ ಬೆಳೆಯಬೇಕಲ್ಲ! ಪಾದ ಜೋಮು ಹಿಡಿದರೆ, ಬೆರಳು ಎತ್ತಲಾಗದಿದ್ದರೆ ನರಕ್ಕೆ ಈ ವೇಗ ಹೆಚ್ಚಾಯಿತೆಂದೇ ಲೆಕ್ಕ. ಆಗ ತಿರುಪು ನಿಧಾನವಾಗುತ್ತದೆ.