ಮಕ್ಕಳ ನಾಟಕದ ಮೂಲಾಂಗಗಳು

ಮಕ್ಕಳ ನಾಟಕವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಶಾಲೆಯ ವಾರ್ಷಿಕೋತ್ಸವ: ಜರತಾರಿ ಅಂಗಿ, ಅಂಟಿಸಿದ ಮೀಸೆ, ಪರದೆಯ ಮರೆಯಿಂದ ಮಾತು ಹೇಳಿಕೊಡುವ ಉಪಾಧ್ಯಾಯರು. ಮಗು ಕಂಠಪಾಠವನ್ನೊಪ್ಪಿಸಿ ಚಪ್ಪಾಳೆಯನ್ನು ಪಡೆಯುತ್ತದೆ. ಇದನ್ನು ನಾವು ನಾಟಕವೆಂದು ಕರೆಯಲಾರೆವು. ತಾನು ಏನನ್ನು ಬಯಸಿ ರಂಗಕ್ಕೆ ಬಂದಿರುವೆನೆಂಬುದು ಆಡುವ ಮಗುವಿಗೆ ತಿಳಿದಿರಬೇಕು. ಉಳಿದ ಅಂಗಗಳೆಲ್ಲ ಇದರಿಂದ ಹುಟ್ಟತಕ್ಕವು.

ಕುವೆಂಪು ಅವರ ‘ನನ್ನ ಗೋಪಾಲ’ವನ್ನು ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನ ಒಂದು ಶಾಲೆಯ ಅಂಗಳದಲ್ಲಿ ಆಡಿಸಬೇಕಾಗಿದೆಯೆಂದು ಭಾವಿಸೋಣ. ಬಡತಾಯಿಯ ಮಗನೊಬ್ಬನು ಪಾಠಶಾಲೆಗೆ ಕಾಡಿನ ಹಾದಿಯಲ್ಲಿ ಒಬ್ಬನೇ ಹೋಗಬೇಕು. ಅವನಿಗೆ ಭಯ. ಕಾಡಿನಲ್ಲಿ ಗೋಪಾಲನೆಂಬ ಅಣ್ಣನಿದ್ದಾನೆ, ಹೆದರಿಕೆಯಾದರೆ ಅವನನ್ನು ಕೂಗು ಎಂದು ತಾಯಿ ಧೈರ್ಯ ಹೇಳುತ್ತಾಳೆ. ಒಂದು ಬಯಕೆ, ಅದಕ್ಕೊಂದು ಅಡ್ಡಿ, ಅಡ್ಡಿಯನ್ನು ದಾಟಲು ಒಂದು ಕ್ರಿಯೆ. ಮಕ್ಕಳ ನಾಟಕಕ್ಕೆ ಇಷ್ಟು ವಸ್ತು ಸಾಕು. ಕತ್ತಲಲ್ಲಿ ಹಿತ್ತಲಿಗೆ ಹೋಗಲಂಜುವ ಮಗುವಿಗೆ ಈ ಭಯವನ್ನು ಯಾರೂ ಕಲಿಸಬೇಕಾಗಿಲ್ಲ.

ಬಾಲಕನ ಕೂಗಿಗೆ ಒಡನೆಯೇ ಉತ್ತರ ಬರಬಾರದು. ಕೂಗಿ ಕಾಯಬೇಕು, ಮತ್ತೆ ಕೂಗಬೇಕು. ಆ ಮೌನದಲ್ಲಿಯೇ ನಾಟಕವಿರುವುದು. ಹುಡುಗ ಮಾತು ಮರೆತನೆಂದು ಬಗೆದು, ಅಷ್ಟರಲ್ಲೇ ಮುಂದಿನ ಮಾತನ್ನು ಪಿಸುಗುಟ್ಟುವ ಹಿರಿಯರು ಎಲ್ಲೆಲ್ಲಿಯೂ ಉಂಟು!

ಕಾಡಿಗೆ ಬಣ್ಣದ ಪರದೆ ಬೇಡ. ಪಾತ್ರ ದೊರೆಯದ ಇಪ್ಪತ್ತು ಮಕ್ಕಳು ಮರಗಳಾಗಿ ನಿಲ್ಲಲಿ, ಗಾಳಿಯಾಗಿ ಸುಯ್ಯಲಿ. ಸ್ಫುಟವಾದ ಕಂಠವುಳ್ಳ ಇಬ್ಬರಿಗೆ ಪಾತ್ರವನ್ನು ಕೊಟ್ಟು, ತೊದಲುವವನನ್ನು ಬೆಂಚು ಹೊರಲು ಕಳುಹಿಸುವ ಪದ್ಧತಿ ನಮಗೆ ಸಮ್ಮತವಲ್ಲ. ಒಂಟಿಯಾಗಿ ಬಾಯಿ ತೆರೆಯಲಾರದ ಮಗು ಮೇಳದೊಳಗೆ ನಿಂತು ದನಿಗೂಡಿಸಬಲ್ಲುದು. ಅದರ ತಾಯಿತಂದೆಗಳೂ ಆ ದಿನ ಅಂಗಳಕ್ಕೆ ಬಂದಿರುತ್ತಾರೆ.

ಇದು ಮೂಡಲಪಾಯ ಯಕ್ಷಗಾನದ ಸೀಮೆ. ಆ ಆಟದಲ್ಲಿ ಕೋಡಂಗಿ ಕುಣಿದು ನಗಿಸುತ್ತಾನೆ. ಬಂದ ಪಾತ್ರಗಳ ಹೆಸರನ್ನೂ ಊರನ್ನೂ ರಂಗದ ಮೇಲೆಯೇ ವಿಚಾರಿಸುವುದುಂಟು. ಪಾತ್ರಪರಿಚಯಕ್ಕೆ ಇದಕ್ಕಿಂತ ಸುಲಭವಾದ ಉಪಾಯವನ್ನು ನಾವು ಕಾಣೆವು. ನಮ್ಮ ಶಾಲೆಗಳು ಇದನ್ನು ಏಕೆ ಬಿಟ್ಟವೋ!

ಹಾಡು, ಕುಣಿತ, ಮೇಳ ಇವುಗಳನ್ನು ಬಿ. ವಿ. ಕಾರಂತರು ಮಕ್ಕಳ ರಂಗಭೂಮಿಗೆ ಧಾರಾಳವಾಗಿ ತಂದರು. ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಸ್ಥಾಪಿಸಿದರು. ಕಾರಂತರ ‘ಪಂಜರಶಾಲೆ’ಗೆ ಆಧಾರ ರವೀಂದ್ರನಾಥ ಠಾಕೂರರ ಗಿಳಿಯ ಕಥೆ. ಅದರಲ್ಲಿ ಪಂಡಿತರು ಚಿನ್ನದ ಪಂಜರದಲ್ಲಿ ಗಿಳಿಯನ್ನು ಕೂಡಿಹಾಕಿ, ಗ್ರಂಥದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಪಂಡಿತರನ್ನು ಕಂಡು ಮಕ್ಕಳು ನಗುತ್ತಾರೆ. ಏಕೆಂದು ವಿವರಿಸುವ ಅವಶ್ಯಕತೆಯಿಲ್ಲ. ಆದುದರಿಂದ ಆಟ ಮುಗಿದೊಡನೆ ನೀತಿಯನ್ನು ಬೋಧಿಸಲೆದ್ದ ಅಧ್ಯಕ್ಷರನ್ನು ವಿನಯದಿಂದ ಕುಳ್ಳಿರಿಸಿ, ಮರಗಳಾಗಿ ನಿಂತಿದ್ದ ಮಕ್ಕಳಿಗೆ ಮೊದಲು ನೀರು ಕೊಡಿಸುವುದು ಲೇಸು.