ಹನ್ನೊಂದು ವಾದ್ಯ, ಒಂದು ಬೆಡ್‌ರೂಮು: ಯಾವುದನ್ನ ಇಟ್ಕೋಬೇಕು?

ಈ ಸಲದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ. ಮಧ್ಯದಲ್ಲಿ ಒಂದಿಷ್ಟು ಲೆಕ್ಕ ಬರುತ್ತೆ. ಅದನ್ನ ಕೇಳೋದಕ್ಕಿಂತ ಓದೋದು ಸುಲಭ.

ವಿಷಯ ಇಷ್ಟು. ಚೆಂಬೂರಿನ ತಿಲಕ್ ನಗರದಲ್ಲಿರೋ ನಮ್ಮ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಯ್ತು. ಹೊಸ ಮನೆ ಕೈಗೆ ಸಿಗೋವರೆಗೆ ನಾವು ಐದು ಜನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಇರಬೇಕು. ಜೊತೆಗೆ ಅಪ್ಪ ನಲವತ್ತು ವರ್ಷದಿಂದ ಕೂಡಿಸಿದ ವಾದ್ಯಗಳು: ಆರು ಹಾರ್ಮೋನಿಯಂ, ಮೂರು ತಂಬೂರಿ, ಎರಡು ಜೊತೆ ತಬಲಾ. ಒಟ್ಟು ಹನ್ನೊಂದು. ಅಪ್ಪ ಧಾರವಾಡದವರು, ಕೆಲಸಕ್ಕೆ ಅಂತ ಮುಂಬೈಗೆ ಬಂದವರು. ಸಂಗೀತ ಹೊಟ್ಟೆಪಾಡಲ್ಲ, ಆದರೆ ಬೆಳಿಗ್ಗೆ ಐದೂವರೆಗೆ ರಿಯಾಜ಼್ ತಪ್ಪಿಸಿದವರಲ್ಲ. ಈಗ ಅವರಿಗೆ ಎಪ್ಪತ್ತನಾಲ್ಕು.

ನಾನು ಎಂಟೆಕ್ ಮಾಡಿದ ಸಾಫ್ಟ್‌ವೇರ್ ಇಂಜಿನಿಯರ್. ಸಮಸ್ಯೆ ಬಂದರೆ ಮೊದಲು ಎಕ್ಸೆಲ್ ತೆಗೆಯೋ ಜಾತಿ. ಹಾಗೇ ತೆಗೆದೆ, ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಆ ತಪ್ಪೇ ಇವತ್ತಿನ ಪಾಠ.

ಮೊದಲು ಪೇಟಿ ಹೇಗೆ ಕೆಲಸ ಮಾಡುತ್ತೆ ನೋಡೋಣ

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತೀವಿ. 1842ರಲ್ಲಿ ಪ್ಯಾರಿಸ್‌ನಲ್ಲಿ ಅಲೆಕ್ಸಾಂಡರ್ ದೆಬೆನ್ ಪೇಟೆಂಟ್ ತೊಗೊಂಡ ವಾದ್ಯ ಇದು. ಆಗ ಕಾಲಿನಿಂದ ತಿದಿ ಒತ್ತಿ ನುಡಿಸೋ ಮೇಜಿನ ಥರ ಇತ್ತು. ಕೋಲ್ಕತ್ತಾದ ದ್ವಾರಕಾನಾಥ ಘೋಷ್ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ತಿದಿ ಒತ್ತಿ, ಇನ್ನೊಂದು ಕೈಯಲ್ಲಿ ನುಡಿಸೋ ಹಾಗೆ ಮಾರ್ಪಡಿಸಿದರು. ನಮ್ಮ ಕಂಪನಿ ನಾಟಕದವರು ಮಾತ್ರ ಕಾಲಿನ ಪೇಟಿಯನ್ನ ಬಹಳ ವರ್ಷ ಬಿಡಲಿಲ್ಲ.

ಒಳಗಡೆ ಇರೋದು ಹಿತ್ತಾಳೆಯ ಸಣ್ಣ ನಾಲಿಗೆಗಳು, ಅಂದರೆ ರೀಡುಗಳು. ಗಾಳಿ ಹಾಯ್ದಾಗ ಅವು ನಡುಗ್ತವೆ, ಸ್ವರ ಬರುತ್ತೆ. ರೀಡಿನ ತುದಿಯನ್ನ ಸ್ವಲ್ಪ ಕೆರೆದರೆ ಸ್ವರ ಏರುತ್ತೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತೆ. ಟ್ಯೂನ್ ಮಾಡೋದು ಅಂದರೆ ಹೀಗೆ ಕೆರೆಯೋದೇ. ಇಲ್ಲೊಂದು ಮಾತು ನೆನಪಿಟ್ಟುಕೊಳ್ಳಿ: ಏರಿಸಿದರೂ ಇಳಿಸಿದರೂ ಹಿತ್ತಾಳೆ ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ.

ನನ್ನ ಎಕ್ಸೆಲ್

ಪ್ರತಿ ಪೇಟಿಗೂ ನಾಲ್ಕು ಅಂಕಣ ಮಾಡಿದೆ. ತಿದಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಬಿಟ್ಟರೆ ಎಷ್ಟು ಸೆಕೆಂಡು ಗಾಳಿ ನಿಲ್ಲುತ್ತೆ? ತೂಕ ಎಷ್ಟು? ಎಷ್ಟು ಜಾಗ ಹಿಡಿಯುತ್ತೆ? ನಾಲ್ಕನೇದು ಶ್ರುತಿ: ಫೋನಿನ ಟ್ಯೂನರ್ ಆಪ್ ಇಟ್ಟು, ಒಂದೊಂದು ಮನೆಯೂ 440 ಹರ್ಟ್ಸ್ ಲೆಕ್ಕದಿಂದ ಎಷ್ಟು ಸರಿದಿದೆ ಅಂತ ಬರೆದೆ. ಹೆಚ್ಚು ಸರಿದಿದ್ದರೆ ಕಡಿಮೆ ಅಂಕ.

ಎಲ್ಲಕ್ಕಿಂತ ಕಡಿಮೆ ಅಂಕ ಬಂದಿದ್ದು ಬೆಳಗಾವಿಯಲ್ಲಿ ಕೊಂಡ ಹಳೇ ಪೇಟಿಗೆ. ಗಾಂಧಾರ ಸುಮಾರು 14 ಸೆಂಟ್ ಕೆಳಗೆ, ಧೈವತವೂ ಕೆಳಗೆ. ಒಂದು ಅರ್ಧಸ್ವರದ ಅಂತರವನ್ನ ನೂರು ಭಾಗ ಮಾಡಿದರೆ ಒಂದು ಭಾಗ ಒಂದು ಸೆಂಟ್. ‘ಇದು ಹದಗೆಟ್ಟಿದೆ, ಮಾರೋಣ. ಮಾರೋ ಮುಂಚೆ ಟ್ಯೂನ್ ಮಾಡಿಸಿದರೆ ನಾಲ್ಕು ಕಾಸು ಹೆಚ್ಚು ಬರುತ್ತೆ’ ಅಂದ್ಕೊಂಡು, ಅಪ್ಪ ಹುಬ್ಬಳ್ಳಿಗೆ ಮದುವೆಗೆ ಹೋಗಿದ್ದಾಗ ಒಂದು ಅಂಗಡಿಗೆ ಕೊಟ್ಟು ಬಂದೆ. ಅಂಗಡಿಯವರ ತಪ್ಪೇನೂ ಇಲ್ಲ. ನಾನು ಹೇಳಿದ್ದನ್ನ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಆಪ್‌ನಲ್ಲಿ ಎಲ್ಲ ಮನೆಯೂ ಹಸಿರು.

ಅಪ್ಪ ವಾಪಸ್ ಬಂದ ಮರುದಿನ ಬೆಳಿಗ್ಗೆ ಆ ಪೇಟಿ ಮುಂದೆ ಕೂತರು. ಸಾ ಹಿಡಿದರು, ರೀ ಹಿಡಿದರು, ಗ ಒತ್ತಿದವರು ಕೈ ತೆಗೆದುಬಿಟ್ಟರು.

“ಗಂಧಾರಕ್ಕ ಏನ್ ಮಾಡೀಯೋ ತಮ್ಮಾ?”

“ಟ್ಯೂನ್ ಮಾಡಿಸೀನಿ ಅಪ್ಪಾ. ಇಳದಿತ್ತು.”

“ಇಳದಿದ್ದಿಲ್ಲೋ. ಇಳಿಸಿದ್ದು ಅದು. ಮೂರು ದಿನ ತಂಬೂರಿ ಮುಂದ ಕೂತು ಇಳಿಸಿದ್ದು.”

ಅವತ್ತು ಅವರು ಬೈಯಲಿಲ್ಲ. ಬೈದಿದ್ದರೆ ನನಗೂ ವಾದ ಮಾಡೋಕೆ ಬರ್ತಿತ್ತು.

ಆ 14 ಸೆಂಟ್ ಎಲ್ಲಿಂದ ಬಂತು?

ಲೆಕ್ಕ ಮಾಡಿ ನೋಡೋಣ. ಅಪ್ಪನ ಸಾ ಕಪ್ಪು ಒಂದು, ಅಂದರೆ ಮೊದಲನೇ ಕರಿ ಮನೆ. ಪೇಟಿಯ ಮಧ್ಯ ಸಪ್ತಕದಲ್ಲಿ ಅದು 277.2 ಹರ್ಟ್ಸ್. ಈಗಿನ ಪೇಟಿಗಳಲ್ಲಿ ಸಪ್ತಕವನ್ನ ಹನ್ನೆರಡು ಸರಿಸಮ ಪಾಲು ಮಾಡ್ತಾರೆ. ಆ ಲೆಕ್ಕದಲ್ಲಿ ಗಾಂಧಾರ 349.2. ಆದರೆ ತಂಬೂರಿ ಈ ಸಮಪಾಲಿನ ಮಾತು ಕೇಳಲ್ಲ. ತಂತಿ ಮೀಟಿದಾಗ ಅದರ ಮೂಲ ಸ್ವರದ ಜೊತೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಸ್ವರಗಳೂ ಹುಟ್ತವೆ. ಆ ಐದರಷ್ಟು ಇರೋದೇ ಗಾಂಧಾರ. ಯಾರೂ ಮೀಟದ ಗಾಂಧಾರ ತಂಬೂರಿಯಲ್ಲಿ ಕೇಳಿಸುತ್ತೆ ಅಂತಾರಲ್ಲ, ಅದು ಇದೇ. ಅದರ ಪ್ರಕಾರ ಗಾಂಧಾರ ಸಾದ ಒಂದೂಕಾಲು ಪಟ್ಟು: 346.5. ಎರಡರ ನಡುವಿನ ವ್ಯತ್ಯಾಸ ಸರಿಯಾಗಿ ಆ 14 ಸೆಂಟ್.

ಎರಡನ್ನೂ ಒಟ್ಟಿಗೆ ನುಡಿಸಿದರೆ? ತಂಬೂರಿಯ ಜೋಡಿ ತಂತಿ 138.6, ಅದರ ಐದರಷ್ಟು 693. ಪೇಟಿಯ ಗಾಂಧಾರದ ಎರಡರಷ್ಟು 698.5. ಹತ್ತಿರ ಇದೆ, ಆದರೆ ಕೂಡಲ್ಲ. ಸೆಕೆಂಡಿಗೆ ಐದು ಸಲಕ್ಕೂ ಹೆಚ್ಚು ವೋಂ ವೋಂ ಅಂತ ಅಲುಗುತ್ತೆ. ಅಪ್ಪನ ಕಿವಿಗೆ ತಾಗಿದ್ದು ಅದು. ನನ್ನ ಆಪ್‌ಗೆ ಅದು ಹಸಿರು.

ಈ ಜಗಳ ನಮ್ಮ ಮನೆಯದಷ್ಟೇ ಅಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಸ್ವರಗಳು ನಮ್ಮ ಶ್ರುತಿಗೆ ಕೂಡಲ್ಲ, ಮೀಂಡ್ ತೆಗೆಯೋಕೆ ಬರಲ್ಲ ಅಂತ. ನಿಷೇಧ ಸಡಿಲ ಆಗಿದ್ದು 1971ರಲ್ಲಿ. ಅಷ್ಟು ವರ್ಷವೂ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ ಅವರಂಥವರು ಕಛೇರಿಗಳಲ್ಲಿ ಪೇಟಿಯನ್ನ ಜೀವಂತ ಇಟ್ಟರು. ಒಂದೇ ಸಾಗೆ ಕಟ್ಟಿ, ಸ್ವರಗಳನ್ನ ತಂಬೂರಿಗೆ ಹೊಂದಿಸಿಕೊಳ್ಳೋದು ಈ ಕೊರತೆಗೆ ಕೆಲವರು ಕಂಡುಕೊಂಡ ಉತ್ತರ. ಅದಕ್ಕೊಂದು ಬೆಲೆಯೂ ಇದೆ. ಅಂಥ ಪೇಟಿ ಬೇರೆ ಸಾಗೆ ಬರಲ್ಲ. ಕಪ್ಪು ಒಂದಕ್ಕೆ ಕಟ್ಟಿದ್ದನ್ನ ಬಿಳಿ ನಾಲ್ಕರಿಂದ ನುಡಿಸಿದರೆ ಬೇಸೂರು.

ಕೊನೆಗೆ ಒಬ್ಬ ಹಿರಿಯ ಕಾರೀಗರರು ಮನೆಗೇ ಬಂದರು. ಅಪ್ಪ ತಂಬೂರಿ ಮೀಟುತ್ತಾ ಕೂತರು, ಅವರು ರೀಡು ಕೆರೆಯುತ್ತಾ ಕೂತರು. ಮಧ್ಯ ಸಪ್ತಕ ಬಹಳ ಮಟ್ಟಿಗೆ ವಾಪಸ್ ಬಂತು. ಎರಡು ರೀಡು ತೆಳುವಾಗಿಬಿಟ್ಟಿದ್ದವು, ಬದಲಿಸಬೇಕಾಯ್ತು. ಆ ಎರಡು ಸ್ವರದ ಬಣ್ಣ ಈಗಲೂ ಬೇರೆ. ಅಪ್ಪ ಏನೂ ಹೇಳಲ್ಲ, ಆದರೆ ಅಲ್ಲಿಗೆ ಬಂದಾಗ ಬೆರಳು ಒಂದು ಕ್ಷಣ ಬೇಗ ಏಳುತ್ತೆ. ನನಗೆ ಕಾಣ್ಸುತ್ತೆ.

ಹಾಗಾದರೆ ಹೇಗೆ ಆರಿಸಬೇಕು?

ಎಕ್ಸೆಲ್ ಅಳಿಸಿದೆ. ಅಪ್ಪ-ಅಮ್ಮನ ಜೊತೆ ಕೂತು ಮತ್ತೆ ಶುರು ಮಾಡಿದೆ. ನಮಗೆ ಉಪಯೋಗ ಆದ ನಾಲ್ಕು ಸೂತ್ರ ಹೇಳ್ತೀನಿ.

ಒಂದು, ಗುಣ ಕೇಳಬೇಡಿ, ಕೆಲಸ ಕೇಳಿ. ಪಾಶ್ಚಾತ್ಯ ಬ್ಯಾಂಡುಗಳಲ್ಲಿ ಟ್ಯೂಬಾ ಅಂತ ದೊಡ್ಡ ಹಿತ್ತಾಳೆ ವಾದ್ಯ ಇದೆಯಲ್ಲ, ಅದರಲ್ಲೂ ಎಫ್, ಇ-ಫ್ಲ್ಯಾಟ್, ಸಿ, ಬಿ-ಫ್ಲ್ಯಾಟ್ ಅಂತ ನಾಲ್ಕು ಅಳತೆ. ಬಿ-ಫ್ಲ್ಯಾಟಿನ ಕೊಳವೆ ಬಿಡಿಸಿ ಹಾಸಿದರೆ ಸುಮಾರು 18 ಅಡಿ. ಆರ್ಕೆಸ್ಟ್ರಾದಲ್ಲಿ ನುಡಿಸೋರು ಸಾಮಾನ್ಯವಾಗಿ ಎರಡು ಇಟ್ಕೋತಾರೆ: ಮೇಲಿನ ಸ್ವರಗಳಿಗೆ ಒಂದು ಸಣ್ಣದು, ತಳಕ್ಕೆ ಒಂದು ದೊಡ್ಡದು. ಮೂರನೇದು ಎಷ್ಟೇ ಚೆನ್ನಾಗಿದ್ದರೂ ಮೊದಲೆರಡು ಮಾಡೋ ಕೆಲಸವನ್ನೇ ಮಾಡುತ್ತೆ. ನಾವೂ ‘ಇದು ಹೋದರೆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತೆ?’ ಅಂತ ಪ್ರತಿಯೊಂದಕ್ಕೂ ಕೇಳಿದ್ವಿ. ಕೋಲ್ಕತ್ತಾ ಪೇಟಿ ನೋಡೋಕೆ ಎಲ್ಲಕ್ಕಿಂತ ಚಂದ. ಅದು ಹೋದರೆ ನಿಲ್ಲೋ ಕೆಲಸ ಯಾವುದೂ ಇರಲಿಲ್ಲ.

ಎರಡು, ಅಳೆಯೋ ಮುಂಚೆ ನುಡಿಸೋರನ್ನ ಕೇಳಿ. ಹೊರಗಿನವನಿಗೆ ಕೆಟ್ಟದ್ದು ಅನ್ನಿಸೋದು ಬೇಕಂತಲೇ ಮಾಡಿದ್ದಿರಬಹುದು. ತಂಬೂರಿಯ ಕುದುರೆ ಮೇಲೆ ತಂತಿ ಅಡಿ ಸಿಕ್ಕಿಸಿರೋ ನೂಲನ್ನ ಕಸ ಅಂತ ಎಳೆದು ಹಾಕಿದವರನ್ನ ನಾನೇ ನೋಡಿದ್ದೀನಿ. ಆ ನೂಲಿನಿಂದಲೇ ಜವಾರಿ.

ಮೂರು, ವಾಪಸ್ ತರಬಹುದಾದದ್ದನ್ನ ಮೊದಲು ಮಾಡಿ. ಒಂದು ತಿಂಗಳ ಮಟ್ಟಿಗೆ ಏಳು ವಾದ್ಯಗಳನ್ನ ನೆಂಟರ, ಸ್ನೇಹಿತರ ಮನೆಯಲ್ಲಿ ಇಟ್ವಿ. ಯಾವುದನ್ನ ಯಾರೂ ನೆನೆಸಲಿಲ್ಲವೋ ಅದನ್ನ ಕೊಡೋದು. ಅಮ್ಮ ಎರಡನೇ ವಾರಕ್ಕೇ “ಆ ಸ್ಕೇಲ್ ಚೇಂಜರ್ ತಂದುಬಿಡೋ, ಭಜನಿಗೆ ಬೇಕದ” ಅಂದರು. ಅದು ಹದಿನೈದು ಕಿಲೋಗೂ ಹೆಚ್ಚು ತೂಕ, ಮೂರನೇ ಮಹಡಿ. ನನ್ನ ಪಟ್ಟಿಯಲ್ಲಿ ಕೊಡೋ ಕಡೆ ಇತ್ತು. ಆದರೆ ಭಜನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಾ. ಪಟ್ಟಿ ಸರಿಸಿ ಸಾ ಬದಲಿಸೋ ಪೇಟಿ ಅದೊಂದೇ. ಹೊತ್ತುಕೊಂಡು ಬಂದೆ. ಅದರ ಬದಲು ಸಣ್ಣ ತಂಬೂರಿ ಹೋಯ್ತು.

ನಾಲ್ಕು, ಇಟ್ಟುಕೊಂಡರೆ ನುಡಿಸಬೇಕು. ಮುಂಬೈ ಮಳೆಗಾಲದಲ್ಲಿ ಮುಚ್ಚಿಟ್ಟ ಪೇಟಿಯ ತಿದಿಗೆ ಬೂಷ್ಟು ಹಿಡಿಯುತ್ತೆ, ತಬಲಾದ ಚರ್ಮ ಸಡಿಲ ಆಗುತ್ತೆ, ತಂಬೂರಿಯ ಸೋರೆ ಬುರುಡೆಗೆ ಒಂದು ಏಟು ಸಾಕು. ಮಂಚದ ಕೆಳಗೆ ತಳ್ಳಿ ‘ಉಳಿಸಿಕೊಂಡೆ’ ಅನ್ನೋದು ನಿಧಾನವಾಗಿ ಎಸೆಯೋದೇ.

ಕೊನೆಗೆ ಉಳಿದದ್ದು

ನಾಲ್ಕು. ಬೆಳಗಾವಿ ಪೇಟಿ, ಸ್ಕೇಲ್ ಚೇಂಜರ್, ಮಿರಜಿನ ದೊಡ್ಡ ತಂಬೂರಿ, ಒಂದು ಜೊತೆ ತಬಲಾ. ಮಿರಜಿನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಆದರೆ ಇಟ್ಟುಕೊಂಡಿದ್ದು ಅದಕ್ಕಲ್ಲ. ದಿನದ ರಿಯಾಜ಼್‌ಗೆ ಎಲೆಕ್ಟ್ರಾನಿಕ್ ತಂಬೂರಿ ಸಾಕು ಅಂತ ಅಪ್ಪನೇ ಹೇಳಿದರು. ಬೆಳಗಾವಿ ಪೇಟಿ ಸರಿ ಇದೆಯೋ ಇಲ್ಲವೋ ಅಂತ ಹೇಳೋಕೆ ಮಾತ್ರ ಮನೆಯಲ್ಲಿ ಇರೋದು ಈ ತಂಬೂರಿ ಒಂದೇ. ಅವೆರಡೂ ಜೋಡಿ. ಒಂದನ್ನ ಕೊಟ್ಟರೆ ಇನ್ನೊಂದನ್ನೂ ಕೊಟ್ಟಂಗೆ.

ಉಳಿದ ಏಳೂ ನುಡಿಸೋ ಕೈಗೇ ಹೋದವು. ಕಾಲಿನ ಪೇಟಿ ಧಾರವಾಡದ ಕಡೆಯ ಒಂದು ನಾಟಕ ತಂಡಕ್ಕೆ, ಕೋಲ್ಕತ್ತಾದ್ದು ಅಪ್ಪನ ಹತ್ತಿರ ಕಲಿತ ಒಬ್ಬ ಹುಡುಗನಿಗೆ. ಒಂದನ್ನೂ ಟ್ಯೂನ್ ಮಾಡಿಸದೆ, ಇದ್ದ ಹಾಗೇ ಕೊಟ್ವಿ. ಜೊತೆಗೆ ಒಂದೊಂದು ಚೀಟಿ: ಇದನ್ನ ಯಾವ ಸಾಗೆ ನುಡಿಸ್ತಿದ್ದರು, ಯಾವ ಸ್ವರ ಬೇಕಂತಲೇ ಸರಿಸಿದ್ದು. ಚೀಟಿ ಬರೆಸಿದವರು ಅಪ್ಪ, ಬರೆದವನು ನಾನು. ಸಾಫ್ಟ್‌ವೇರ್‌ನವರು ಇದಕ್ಕೆ ಡಾಕ್ಯುಮೆಂಟೇಶನ್ ಅಂತೀವಿ. ನಲವತ್ತು ವರ್ಷ ಎಲ್ಲವೂ ಅವರ ಕಿವಿಯಲ್ಲೇ ಇತ್ತು. ನಾನು ಮೊದಲೇ ಕೂತು ಬರೆದುಕೊಂಡಿದ್ದರೆ ಆ ಎರಡು ರೀಡು ಇವತ್ತೂ ಹಾಗೇ ಇರ್ತಿದ್ದವು.

ನಿಮ್ಮನೇಲಿ ಹಿರಿಯರ ವಾದ್ಯ ಇದ್ದರೆ ಆಪ್ ತೆಗೆಯೋ ಮುಂಚೆ ಒಂದು ಪೆನ್ನು ತೊಗೊಂಡು ಅವರ ಪಕ್ಕ ಕೂತ್ಕೊಳ್ಳಿ.